ಭಾಗವತರ ಪದ ಎಲ್ಲಿ ಹೋಯ್ತು?

ಪ್ರಶ್ನೆ: ಯಕ್ಷಗಾನದ ಹಳೇ ಕ್ಯಾಸೆಟ್‌ಗಳನ್ನು ಕೇಳೋಕೆ ಅಂತ ಹತ್ತು ಸ್ಲೈಡರ್ ಇರುವ ಈಕ್ವಲೈಜರ್ (ದಪ್ಪ, ನಡು, ತೆಳು ದನಿಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಪೆಟ್ಟಿಗೆ) ತಂದೆ. ಎರಡೂ ತುದಿಯವನ್ನು ಮೇಲೆ, ನಡುವಿನವನ್ನು ಕೆಳಗೆ ಇಟ್ಟಿದ್ದೇನೆ. ಮದ್ದಳೆ ಗುಂಯ್ ಅನ್ನುತ್ತೆ, ಚಂಡೆ ಕಿವಿ ಕೊರೆಯುತ್ತೆ, ಭಾಗವತರ ಪದವೇ ಕೇಳಲ್ಲ. ಸ್ಪೀಕರ್ ಎರಡೂ ಜಗಲಿಯ ಮೂಲೆಗಳಲ್ಲಿ, ಮರದ ಕಪಾಟಿನ ಮೇಲಿವೆ. ಏನು ಮಾಡಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ದನಿ ಇರೋದೇ ನಡುವಿನ ಸ್ಲೈಡರ್‌ಗಳಲ್ಲಿ, ಅದನ್ನೇ ನೀವು ಇಳಿಸಿ ಕೂತಿದ್ದೀರಿ! ಮೊದಲು ಹತ್ತನ್ನೂ ಸೊನ್ನೆಗೆ, ಅಂದ್ರೆ ಸ್ಲೈಡರ್‌ನ ನಡುಗೆರೆಗೆ ತನ್ನಿ. ಆಮೇಲೆ ಸ್ಪೀಕರ್‌ಗಳನ್ನು ಮೂಲೆಯಿಂದ ಎರಡು ಅಡಿಯಾದರೂ ಈಚೆ ಎಳೆಯಿರಿ, ಯಾಕಂದ್ರೆ ಮೂಲೆಯ ಎರಡು ಗೋಡೆ ಸೇರಿ ಬೇಸ್ (ದಪ್ಪ ದನಿ) ಅನ್ನು ಜಾಸ್ತಿ ಮಾಡುತ್ತವೆ, ಜೊತೆಗೆ ಟೊಳ್ಳು ಕಪಾಟೂ ಅದುರುತ್ತೆ. ಸ್ಪೀಕರ್ ಅಡಿಗೆ ದಪ್ಪ ರಬ್ಬರ್ ತುಂಡು ಇಡಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತೆ.

ಗುಂಯ್ ಇನ್ನೂ ಇದ್ದರೆ ವಾಲ್ಯೂಮ್ ಸಣ್ಣಗೆ ಇಟ್ಟು, ಒಂದೇ ಪದ ಹಾಕಿಕೊಂಡು, 125 ಮತ್ತು 250 ಹರ್ಟ್ಸ್ (ದನಿ ಎಷ್ಟು ದಪ್ಪ, ಎಷ್ಟು ತೆಳು ಅನ್ನೋ ಅಳತೆ; ಅಂಕಿ ಏರಿದಷ್ಟೂ ತೆಳು) ಸ್ಲೈಡರ್‌ಗಳನ್ನು ಒಂದೊಂದಾಗಿ ಪೂರ್ತಿ ಏರಿಸಿ ನೋಡಿ. ಯಾವುದು ಏರಿದಾಗ ಸಹಿಸೋಕಾಗಲ್ಲವೋ ಅದನ್ನು ಸೊನ್ನೆಗಿಂತ 3 ಡೆಸಿಬಲ್ (ಸದ್ದಿನ ಜೋರಿನ ಅಳತೆ) ಕೆಳಗೆ ಬಿಡಿ. ಚಂಡೆಯ ಚುಚ್ಚು ಕಡಿಮೆಯಾಗೋಕೆ 4 ಕಿಲೋಹರ್ಟ್ಸ್ ಅನ್ನು ಎರಡು ಡೆಸಿಬಲ್ ಇಳಿಸಿದರೆ ಸಾಕು, ಜಾಸ್ತಿ ಇಳಿಸಿದರೆ ಪದದ ಅಕ್ಷರಗಳೂ ಮಂಕಾಗುತ್ತವೆ. 1 ಮತ್ತು 2 ಕಿಲೋಹರ್ಟ್ಸ್ ಮುಟ್ಟಲೇಬೇಡಿ.

ಏರಿಸೋದಕ್ಕಿಂತ ಇಳಿಸೋದು ಯಾಕೆ ಒಳ್ಳೇದು ಅಂದ್ರೆ, 3 ಡೆಸಿಬಲ್ ಏರಿಸಿದರೆ ಆ ಭಾಗಕ್ಕೆ ಆಂಪ್ಲಿಫೈಯರ್ ಎರಡು ಪಟ್ಟು ಪವರ್ ಕೊಡಬೇಕು, 10 ಡೆಸಿಬಲ್‌ಗೆ ಹತ್ತು ಪಟ್ಟು. ಬೇಸ್ ಸ್ಲೈಡರ್ ತುದಿ ಮುಟ್ಟಿಸಿದಾಗ ಸಣ್ಣ ಆಂಪ್ಲಿಫೈಯರ್ ಒಡಕು ದನಿ ಮಾಡೋದು ಸುಮ್ನೆ ಅಲ್ಲ. ಬೇಡದ್ದನ್ನು ಇಳಿಸಿ, ವಾಲ್ಯೂಮ್ ಸ್ವಲ್ಪ ಏರಿಸಿ, ಅಷ್ಟೇ.

ಕ್ಯಾಸೆಟ್‌ನ ಸುಯ್ ಸದ್ದು 8 ಮತ್ತು 16 ಕಿಲೋಹರ್ಟ್ಸ್ ಇಳಿಸಿದರೆ ತಗ್ಗುತ್ತೆ, ಆದರೆ ತಾಳದ ಹೊಳಪೂ ಜೊತೆಗೇ ಹೋಗುತ್ತೆ. ನಾನಾದರೆ ಸುಯ್ ಇರಲಿ ಬಿಡು ಅಂತೀನಿ. ಇನ್ನು ಬಯಲಾಟದಲ್ಲಿ ಮೈಕ್ ಚಂಡೆಯ ಪಕ್ಕದಲ್ಲೇ ಇದ್ದು ರೆಕಾರ್ಡ್ ಆಗಿದ್ದರೆ ಯಾವ ಈಕ್ವಲೈಜರ್ರೂ ಎರಡನ್ನೂ ಬಿಡಿಸಿ ಕೊಡಲ್ಲ, ಪದದ ಮತ್ತು ಚಂಡೆಯ ಸದ್ದು ಬಹಳ ಮಟ್ಟಿಗೆ ಒಂದೇ ಸ್ಲೈಡರ್‌ಗಳಲ್ಲಿ ಇರುತ್ತೆ.

ಪ್ರಶ್ನೆ: ಸ್ಲೈಡರ್ ಜರುಗಿಸಿದಾಗ ಕರಕರ ಸದ್ದು, ಒಮ್ಮೊಮ್ಮೆ ಎಡ ಸ್ಪೀಕರ್ ಬಂದ್. ರಿಪೇರಿಗೆ ಕೊಡಬೇಕಾ?
– ಓದುಗರೊಬ್ಬರು, ಕಾರವಾರ

ಉತ್ತರ: ಈಗಲೇ ಬೇಡ. ಕಡಲ ಉಪ್ಪು ಗಾಳಿ, ಧೂಳು ಎರಡೂ ಸ್ಲೈಡರ್ ಒಳಗೆ ಕೂರುತ್ತವೆ. ಪ್ಲಗ್ ಕಿತ್ತು, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪವೇ ಸ್ಪ್ರೇ ಮಾಡಿ, ಪ್ರತಿ ಸ್ಲೈಡರನ್ನೂ ಮೇಲಿಂದ ಕೆಳಗೆ ಹತ್ತಾರು ಸಲ ಆಡಿಸಿ. ಪೂರ್ತಿ ಒಣಗಿದ ಮೇಲೆಯೇ ಹಾಕಿ. ಹೊಲಿಗೆ ಮೆಷಿನ್ ಎಣ್ಣೆ, ಕೊಬ್ಬರಿ ಎಣ್ಣೆ ಬಿಡೋಕೆ ಹೋಗಬೇಡಿ, ಧೂಳು ಇನ್ನೂ ಅಂಟಿಕೊಳ್ಳುತ್ತೆ. ಆಮೇಲೂ ಎಡ ಸ್ಪೀಕರ್ ಕೈಕೊಟ್ಟರೆ ಹಿಂದಿನ ವೈರ್ ಕಿತ್ತು ನೋಡಿ, ತುದಿ ಹಸಿರಾಗಿದ್ದರೆ ಅಷ್ಟು ಕತ್ತರಿಸಿ ಹೊಸದಾಗಿ ಸಿಕ್ಕಿಸಿ.