ಕೊಟೇಶನ್‌ನಲ್ಲಿ ‘ಚಾಸಿಸ್’ ಅಂದರೆ ಬಾಡಿ ಇಲ್ಲದ ಲಾರಿ

ಮುಧೋಳದಲ್ಲಿ ಕಬ್ಬು ಸಾಗಿಸಲು ಕೇಳಿದ ಲಾರಿಗೆ ಮಾರಾಟದವರು ‘ಚಾಸಿಸ್ ಬೆಲೆ’ ಅಂತ ಬರೆದುಕೊಟ್ಟಿದ್ದಾರೆ, ಮೆಕ್ಯಾನಿಕ್ ಅದು ಕೆಳಗಿನ ಫ್ರೇಮ್ ಅನ್ನುತ್ತಾನೆ ಅಂದಿದ್ದೀರಿ. ಇಬ್ಬರದೂ ಸರಿ. ಗ್ಯಾರೇಜ್‌ನಲ್ಲಿ ಅದು ಉದ್ದನೆಯ ಎರಡು ಉಕ್ಕಿನ ತೊಲೆಗಳ ಚೌಕಟ್ಟು; ಮಾರಾಟದವರಿಗೆ ಇಂಜಿನ್, ಗೇರ್‌ಬಾಕ್ಸ್, ಚಕ್ರ ಸಮೇತ ಓಡುವ ಗಾಡಿ, ಆದರೆ ಹಿಂದೆ ಸರಕು ತುಂಬುವ ಬಾಡಿ ಇಲ್ಲ. ಟಿವಿ ರಿಪೇರಿಯವರ ‘ಚೆಸ್ಸಿ’ಯೇ ಬೇರೆ, ಅದು ಒಳಗಿನ ಬೋರ್ಡು. ಪದ ಮೂಲತಃ ಫ್ರೆಂಚ್; ಫ್ರೆಂಚರು ಕಿಟಕಿ ಚೌಕಟ್ಟಿಗೂ ಇದನ್ನೇ ಬಳಸುತ್ತಾರೆ, ಕೊನೆಯ ‘ಸ್’ ನುಡಿಯುವುದಿಲ್ಲ. ಹಾಗಾಗಿ ನಮ್ಮ ಮೆಕ್ಯಾನಿಕ್‌ಗಳ ‘ಚೆಸ್ಸಿ’ಯೇ ಮೂಲಕ್ಕೆ ಹತ್ತಿರ!

ಮುಂಗಡ ಕೊಡುವ ಮೊದಲು ಕ್ಯಾಬಿನ್ ಸೇರಿದೆಯೇ ಕೇಳಿ. ಕೆಲವು ಮಾದರಿಗಳಲ್ಲಿ ಮುಂದಿನ ಮುಖ ಮಾತ್ರ ಇರುತ್ತದೆ, ಕ್ಯಾಬಿನ್ನೂ ನೀವೇ ಕಟ್ಟಿಸಬೇಕು. ಆಮೇಲೆ ಬಾಡಿ ಕಟ್ಟಿಸಲು ಬೇರೆ ಕೊಟೇಶನ್ ತಗೊಂಡು, ಸಾಲಕ್ಕೆ ಎರಡನ್ನೂ ಒಟ್ಟಿಗೆ ತೋರಿಸಿ. ಬಾಡಿ ಖರ್ಚು ಸಾಲದಲ್ಲಿ ಎಷ್ಟು ಸೇರುತ್ತದೆ ಅನ್ನುವುದು ಬ್ಯಾಂಕಿನ ಮೇಲಿದೆ. ನೋಂದಣಿಗೆ ಫಾರ್ಮ್ 22-ಎ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಅನ್ನುವ ಪ್ರಮಾಣಪತ್ರ ಬೇಕು: ಮೊದಲ ಭಾಗ ಕಂಪನಿಯದು, ಎರಡನೆಯದು ಬಾಡಿ ಕಟ್ಟಿದವರದು. ಎರಡನೆಯದನ್ನು ಕೊಡದವರ ಹತ್ತಿರ ಕಟ್ಟಿಸಬೇಡಿ, ಆರ್‌ಟಿಒದಲ್ಲಿ ಗಾಡಿ ನಿಲ್ಲುತ್ತದೆ.

ತಗೊಳ್ಳುವಾಗ ಫ್ರೇಮ್ ಮೇಲಿನ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರನ್ನು ಬಿಲ್ ಜೊತೆ ತಾಳೆ ನೋಡಿ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಬರುವುದಿಲ್ಲ. ಬಿಲ್‌ನಲ್ಲಿ ‘ಓ’ ಕಂಡರೆ ಸೊನ್ನೆ ಮಾಡಿಸಿಕೊಳ್ಳಿ.