ರೇಡಿಯೇಷನ್ ಥೆರಪಿ ಓದೋಕೆ ಮುಂಚೆ ಅಮೆರಿಕದಲ್ಲಿ ಏನೇನು ಮುಗಿಸಿರಬೇಕು

ನಮಸ್ಕಾರ. ಪಿಸಿಎಂನಲ್ಲಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಬಿ.ಎಸ್ಸಿ. ಆಗಿದೆ, ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದವರ ಸಂಗಾತಿಗೆ ಸಿಗೋದು) ಈಗಷ್ಟೇ ಬಂದಿದ್ದೀನಿ, ರೇಡಿಯೇಷನ್ ಥೆರಪಿಸ್ಟ್ (ಕ್ಯಾನ್ಸರ್ ರೋಗಿಗಳಿಗೆ ಕಿರಣ ಚಿಕಿತ್ಸೆ ಕೊಡುವವರು) ಆಗೋಕೆ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಅನಾಟಮಿಯಿಂದ, ಅದೂ ಬರೋ ಸೆಮಿಸ್ಟರ್‌ನಲ್ಲೇ.

ಹೆಚ್ಚಿನ ಕಾಲೇಜುಗಳು 'ಅನಾಟಮಿ ಅಂಡ್ ಫಿಸಿಯಾಲಜಿ' ಎರಡು ಭಾಗ ಕೇಳುತ್ತವೆ. ಲ್ಯಾಬ್ ಸೇರಿ ಒಂದೊಂದು ಸಾಮಾನ್ಯವಾಗಿ 4 ಕ್ರೆಡಿಟ್. ಮೊದಲನೆಯದು ಪಾಸಾಗದೆ ಎರಡನೆಯದಕ್ಕೆ ಬಿಡೋದಿಲ್ಲ. ಕೆಲವು ಕಡೆ ಅದಕ್ಕೂ ಮುಂಚೆ ಜನರಲ್ ಬಯಾಲಜಿ ಬೇಕು. ಥೆರಪಿ ಪ್ರೋಗ್ರಾಂಗೆ ಅಡ್ಮಿಷನ್ ಸಾಮಾನ್ಯವಾಗಿ ವರ್ಷಕ್ಕೊಂದೇ ಸಲ, ಸೀಟುಗಳೂ ಕಡಿಮೆ. ಹಾಗಾಗಿ ಒಂದು ಸೆಮಿಸ್ಟರ್ ತಡ ಮಾಡಿದರೆ ವರ್ಷವೇ ಹೋಗುತ್ತದೆ. ಕಮ್ಯುನಿಟಿ ಕಾಲೇಜಿನಲ್ಲಿ ಓದಿದರೆ ಖರ್ಚು ಉಳಿಯುತ್ತದೆ. ಆನ್‌ಲೈನ್ ಲ್ಯಾಬ್ ಒಪ್ಪದ ಪ್ರೋಗ್ರಾಂಗಳಿವೆ, ನೋಡಿಕೊಳ್ಳಿ.

ನಿಮ್ಮ ಬಿ.ಎಸ್ಸಿ. ಮಾರ್ಕ್ಸ್‌ಕಾರ್ಡನ್ನು ಕೋರ್ಸ್-ಬೈ-ಕೋರ್ಸ್ ಇವ್ಯಾಲ್ಯುಯೇಷನ್‌ಗೆ ಕೊಡಬೇಕು, ಅಂದರೆ ಅಲ್ಲಿ ಓದಿದ ಒಂದೊಂದು ವಿಷಯ ಇಲ್ಲಿನ ಯಾವುದಕ್ಕೆ ಸಮ ಅಂತ ಲೆಕ್ಕ ಹಾಕಿಸಬೇಕು. ಟ್ರಾನ್ಸ್‌ಕ್ರಿಪ್ಟ್ ಯೂನಿವರ್ಸಿಟಿಯಿಂದಲೇ ನೇರ ಹೋಗಬೇಕಾಗುತ್ತದೆ, ಊರಲ್ಲಿ ಓಡಾಡೋರು ಯಾರಾದರೂ ಇದ್ದರೆ ಇವತ್ತೇ ಹೇಳಿಬಿಡಿ. ಸೈನ್ಸ್ ವಿಷಯ ಓದಿ 5 ಅಥವಾ 7 ವರ್ಷ ದಾಟಿದ್ದರೆ ಲೆಕ್ಕಕ್ಕೆ ತಗೊಳ್ಳದ ಕಾಲೇಜುಗಳೂ ಉಂಟು; ಆಗ ಫಿಸಿಕ್ಸ್ ಮತ್ತೆ ಓದಬೇಕು.

ಮತ್ತೆ ಓದಿದರೂ ನಷ್ಟವಿಲ್ಲ, ಈ ಕೆಲಸಕ್ಕೆ ಫಿಸಿಕ್ಸ್ ಬೇಕೇ ಬೇಕು. ಕಿರಣದ ಮೂಲದಿಂದ 100 ಸೆಂ.ಮೀ. ದೂರಕ್ಕೆ ಡೋಸ್ ಲೆಕ್ಕ ಹಾಕಿದ್ದಾರೆ ಅಂದುಕೊಳ್ಳಿ. ರೋಗಿ 110ರಲ್ಲಿ ಮಲಗಿದ್ದರೆ, 100ನ್ನು 110ರಿಂದ ಭಾಗಿಸಿ ವರ್ಗ ಮಾಡಿ: 0.83. ದೂರ ಹೆಚ್ಚಿದ್ದು ಹತ್ತೇ ಸೆಂಟಿಮೀಟರ್, ಡೋಸ್ ಇಳಿದದ್ದು ಸುಮಾರು ಶೇ. 17. ಗಡ್ಡೆಗೆ ಸಾಲುವಷ್ಟು ಕಿರಣ ಬೀಳಲಿಲ್ಲ ಅಂತ ಹೊರಗಿನಿಂದ ನೋಡಿದವರಿಗೆ ಗೊತ್ತೂ ಆಗೋದಿಲ್ಲ. ಸಿಟಿ ಚಿತ್ರ ಓದೋದನ್ನೂ ಈಗಿನಿಂದಲೇ ರೂಢಿ ಮಾಡಿಕೊಳ್ಳಿ: ರೋಗಿಯ ಬಲಭಾಗ ನಿಮ್ಮ ಎಡಕ್ಕೆ ಕಾಣುತ್ತದೆ. ಪಿಸಿಎಂನವರು ಗಣಿತಕ್ಕೆ ಹೆದರೋದಿಲ್ಲ, ಎಡವೋದು ಇಂಥಲ್ಲೇ.

ಪ್ರೋಗ್ರಾಂ ಆರಿಸುವಾಗ ಜೆಆರ್‌ಸಿಇಆರ್‌ಟಿ (ಇಂಥ ಕೋರ್ಸುಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಮಾನ್ಯತೆ ಇದೆಯಾ ನೋಡಿ. ಥೆರಪಿಸ್ಟ್‌ಗಳಿಗೆ ಸರ್ಟಿಫಿಕೇಟ್ ಕೊಡೋ ಸಂಸ್ಥೆ ಎಆರ್‌ಆರ್‌ಟಿ; ಅದರ ಪರೀಕ್ಷೆಗೆ ಕೂರೋಕೆ ಆ ಸಂಸ್ಥೆ ಒಪ್ಪಿದ ಪ್ರೋಗ್ರಾಂ ಮುಗಿಸಿರಬೇಕು, ಕನಿಷ್ಠ ಅಸೋಸಿಯೇಟ್ ಡಿಗ್ರಿಯೂ (ಎರಡು ವರ್ಷದ ಕಾಲೇಜು ಪದವಿ) ಬೇಕು. ಬೆಂಗಳೂರಲ್ಲಿ ರೇಡಿಯೋಥೆರಪಿ ಟೆಕ್ನಾಲಜಿ ಓದಿ ಬಂದವರಿಗೂ ಆ ಸರ್ಟಿಫಿಕೇಟಿನಿಂದಲೇ ನೇರ ದಾರಿ ಇಲ್ಲ. ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸ್ ನೋಡಿ ಆಸೆಪಡಬೇಡಿ, ಅವುಗಳಲ್ಲಿ ಬಹಳಷ್ಟು ಈಗಾಗಲೇ ರೇಡಿಯಾಗ್ರಫಿ (ಎಕ್ಸ್‌ರೇ ತೆಗೆಯುವ ಕೋರ್ಸ್) ಮುಗಿಸಿದವರಿಗೆ.

ಎಚ್-4ನಲ್ಲೇ ಓದಬಹುದು, ಎಫ್-1 (ವಿದ್ಯಾರ್ಥಿ ವೀಸಾ) ಬೇಕಿಲ್ಲ. ಸಂಬಳದ ಕೆಲಸಕ್ಕೆ ಇಎಡಿ, ಅಂದರೆ ಕೆಲಸದ ಪರವಾನಗಿ, ಬೇಕು. ಅದು ಸಿಗೋದು ಸಾಮಾನ್ಯವಾಗಿ ಯಜಮಾನರ ಐ-140 (ಗ್ರೀನ್ ಕಾರ್ಡಿಗೆ ಕಂಪನಿ ಹಾಕೋ ಅರ್ಜಿ) ಮಂಜೂರಾದ ಮೇಲೆ, ಹಾಗಾಗಿ ಅದು ಎಲ್ಲಿಗೆ ಬಂದಿದೆ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಇನ್ನು ಲಸಿಕೆ, ಟಿಬಿ ಪರೀಕ್ಷೆ. ಆಸ್ಪತ್ರೆಯ ಕ್ಲಿನಿಕಲ್ಸ್‌ಗೆ (ರೋಗಿಗಳ ಜೊತೆಗಿನ ಪ್ರಾಯೋಗಿಕ ತರಬೇತಿಗೆ) ದಾಖಲೆ ಇಲ್ಲದೆ ಒಳಗೆ ಬಿಡೋದಿಲ್ಲ. ಹೆಪಟೈಟಿಸ್ ಬಿ ಮೂರು ಡೋಸ್‌ನದಾದರೆ ಆರು ತಿಂಗಳು ಹಿಡಿಯುತ್ತದೆ. ಚಿಕ್ಕಂದಿನಲ್ಲಿ ಬಿಸಿಜಿ ಹಾಕಿಸಿಕೊಂಡವರಿಗೆ ಟಿಬಿಯ ಚರ್ಮದ ಪರೀಕ್ಷೆ ಸುಮ್ಮನೆ ಪಾಸಿಟಿವ್ ಬರಬಹುದು, ಆಮೇಲೆ ಎಕ್ಸ್‌ರೇ, ಅಲೆದಾಟ. ಕ್ವಾಂಟಿಫೆರಾನ್ ರಕ್ತಪರೀಕ್ಷೆ ಮಾಡಿ ಅಂತ ನೀವೇ ಕೇಳಿ, ಅದಕ್ಕೆ ಬಿಸಿಜಿ ಅಡ್ಡಬರೋದಿಲ್ಲ.

ಫೀಸು ಕಟ್ಟೋ ಮುಂಚೆ, ನೀವು ಸೇರಬೇಕೆಂದಿರುವ ಪ್ರೋಗ್ರಾಂನ ಡೈರೆಕ್ಟರ್‌ಗೆ ಕಮ್ಯುನಿಟಿ ಕಾಲೇಜಿನ ಕೋರ್ಸ್ ನಂಬರುಗಳನ್ನು ಇಮೇಲ್ ಮಾಡಿ, ಒಪ್ಪುತ್ತೀವಿ ಅನ್ನೋ ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ.