ಪ್ರಶ್ನೋತ್ತರ: ಕಾಲೇಜು ಸಾಫ್ಟ್‌ಬಾಲ್ ಕೋಚ್ ಎಂಬ ವೃತ್ತಿ

ಪ್ರಶ್ನೆ: ನನ್ನ ಮಗಳ ಸಂಸಾರ ಅಮೆರಿಕದ ಆನ್ ಆರ್ಬರ್ ಊರಿನಲ್ಲಿದೆ. ಅಲ್ಲಿಗೆ ಹೋಗಿದ್ದಾಗ ಮೊಮ್ಮಗಳು ಸಾಫ್ಟ್‌ಬಾಲ್ ಆಡುವುದನ್ನು ನೋಡಿದೆ. ಆ ಊರಿನವರು ಕ್ಯಾರಲ್ ಹಚಿನ್ಸ್ ಎಂಬ ಕೋಚ್ ಹೆಸರನ್ನು ಬಹಳ ಗೌರವದಿಂದ ಹೇಳುತ್ತಾರೆ. ಕಾಲೇಜಿನಲ್ಲಿ ಆಟ ಕಲಿಸುವವರಿಗೆ ಇಷ್ಟು ದೊಡ್ಡ ಹೆಸರು ಬಂದದ್ದು ಹೇಗೆ?
– ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಕ್ಯಾರಲ್ ಹಚಿನ್ಸ್ 1985ರಿಂದ 2022ರವರೆಗೆ, ಅಂದರೆ ಒಟ್ಟು 38 ಋತುಗಳ ಕಾಲ, ಆ ಊರಿನ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ, ಬೇಸ್‌ಬಾಲ್‌ನಂಥದೇ ಆಟವಾದ ಸಾಫ್ಟ್‌ಬಾಲ್‌ನ ಮಹಿಳಾ ತಂಡಕ್ಕೆ ಮುಖ್ಯ ಕೋಚ್ ಆಗಿದ್ದರು. ಅಷ್ಟೂ ಋತುಗಳಲ್ಲಿ ಒಂದರಲ್ಲಿಯೂ ಅವರ ತಂಡದ ಸೋಲುಗಳ ಸಂಖ್ಯೆ ಗೆಲುವುಗಳನ್ನು ಮೀರಲಿಲ್ಲ. ನಿವೃತ್ತರಾದಾಗ ಅವರ ಹೆಸರಿನಲ್ಲಿ 1,707 ಗೆಲುವುಗಳಿದ್ದವು. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಅತ್ಯುನ್ನತ ಹಂತವಾದ ಪ್ರಥಮ ವಿಭಾಗದಲ್ಲಿ ಆವರೆಗೆ ಬೇರೆ ಯಾವ ಸಾಫ್ಟ್‌ಬಾಲ್ ಕೋಚ್ ಕೂಡ ಅಷ್ಟು ಗೆದ್ದಿರಲಿಲ್ಲ. ಆದರೆ ಆ ಊರಿನವರ ಗೌರವಕ್ಕೆ ಅಂಕಿಅಂಶಗಳಷ್ಟೇ ಕಾರಣವೆಂದು ನನಗೆ ಅನಿಸುವುದಿಲ್ಲ. ಅದಕ್ಕೆ ಅವರ ವಿದ್ಯಾರ್ಥಿದೆಸೆಯಿಂದ ಆರಂಭಿಸಬೇಕು.

ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಹೆಣ್ಣು–ಗಂಡೆಂಬ ಭೇದ ಮಾಡಕೂಡದೆಂದು ಅಮೆರಿಕ 1972ರಲ್ಲಿ ಕಾಯಿದೆ ಮಾಡಿತು. ಟೈಟಲ್ ನೈನ್ ಎಂದು ಹೆಸರಾದ ಕಾಯಿದೆ ಇದೇ. ಕಾಯಿದೆ ಬಂದಷ್ಟು ಬೇಗ ಆಚರಣೆ ಬರಲಿಲ್ಲ. ಹಚಿನ್ಸ್ ಅವರು ಓದುತ್ತಿದ್ದದ್ದು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಮುಂದೆ ಅವರು ಕೆಲಸ ಮಾಡಿದ ವಿಶ್ವವಿದ್ಯಾಲಯಕ್ಕೆ ಮೈದಾನದಲ್ಲಿ ಅದು ಬದ್ಧ ಎದುರಾಳಿ. ಅಲ್ಲಿ ಅವರು ಸಾಫ್ಟ್‌ಬಾಲ್ ಜೊತೆಗೆ ಬ್ಯಾಸ್ಕೆಟ್‌ಬಾಲ್ ಕೂಡ ಆಡುತ್ತಿದ್ದರು. ಪ್ರಯಾಣ, ಊಟ, ವಸತಿ ಎಲ್ಲದರಲ್ಲಿಯೂ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಒಂದು ವ್ಯವಸ್ಥೆ, ಮಹಿಳೆಯರ ತಂಡಕ್ಕೆ ಇನ್ನೊಂದು ವ್ಯವಸ್ಥೆ ಇರುವುದನ್ನು ಪ್ರಶ್ನಿಸಿ ಆಟಗಾರ್ತಿಯರು 1979ರಲ್ಲಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಮೇಲೆಯೇ ದಾವೆ ಹೂಡಿದರು. ಆ ದಾವೆಯಲ್ಲಿ ಮೊದಲಿಗೆ ಕಾಣುವ ಹೆಸರು ಹಚಿನ್ಸ್ ಅವರದು. ಇನ್ನೂ ಡಿಗ್ರಿ ಕೈಗೆ ಬರಬೇಕಿದ್ದ ಹುಡುಗಿಯೊಬ್ಬಳು ತನ್ನ ವಿಶ್ವವಿದ್ಯಾಲಯವನ್ನೇ ನ್ಯಾಯಾಲಯಕ್ಕೆ ಎಳೆಯುವುದು ಎಷ್ಟು ಎದೆಗಾರಿಕೆಯ ಕೆಲಸವೆಂಬುದನ್ನು ಶಿಕ್ಷಕಿಯಾಗಿದ್ದ ತಮಗೆ ವಿವರಿಸಬೇಕಾಗಿಲ್ಲ.

ಅಲ್ಲಿಂದ ಮುಂದಿನದು ಮೆಟ್ಟಿಲು ಮೆಟ್ಟಿಲಾಗಿ ಏರಿದ ವೃತ್ತಿ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆಯುತ್ತಲೇ ಸಹಾಯಕ ಕೋಚ್ ಕೆಲಸ ಮಾಡಿದರು. 1982ರಲ್ಲಿ ಫೆರಿಸ್ ಸ್ಟೇಟ್ ಎಂಬ ಚಿಕ್ಕ ಸಂಸ್ಥೆಯ ತಂಡವನ್ನು ನಡೆಸಿದರು. ಮಿಷಿಗನ್‌ನಲ್ಲಿ ಎರಡು ಋತು ಸಹಾಯಕರಾಗಿದ್ದು, 1985ರಲ್ಲಿ ಮುಖ್ಯ ಕೋಚ್ ಆದರು. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಕೊನೆಯ ಘಟ್ಟವಾದ, ಎಂಟು ತಂಡಗಳ ಮಹಿಳಾ ಕಾಲೇಜು ವರ್ಲ್ಡ್ ಸೀರೀಸ್‌ಗೆ ಅವರ ತಂಡ ಮೊದಲ ಸಲ ತಲುಪಿದ್ದು 1995ರಲ್ಲಿ. ಅಲ್ಲಿಯವರೆಗೆ ವಿಶ್ವವಿದ್ಯಾಲಯ ಕಾದಿತ್ತು ಎಂಬುದನ್ನು ಗಮನಿಸಬೇಕು. ಈಗಿನ ಕ್ರೀಡಾ ನಿರ್ದೇಶಕರಲ್ಲಿ ಅಷ್ಟು ಸಹನೆ ಇರುವವರು ಕಡಿಮೆ.

2005ರ ಜೂನ್‌ನಲ್ಲಿ ಒಕ್ಲಹೋಮ ಸಿಟಿಯಲ್ಲಿ ನಡೆದ ಫೈನಲ್ ಸರಣಿಯ ಮೊದಲ ಪಂದ್ಯವನ್ನು ಮಿಷಿಗನ್ ಸೋತು, ಎರಡನೆಯದನ್ನು ಗೆದ್ದಿತ್ತು. ಎದುರಾಳಿ, ಈ ಆಟದ ಹಳೆಯ ದೊರೆಗಳಾದ ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ತಂಡ. ನಿರ್ಣಾಯಕ ಪಂದ್ಯ ಏಳು ಇನ್ನಿಂಗ್ಸ್‌ಗೆ ಮುಗಿಯದೆ 1–1ರ ಸಮಬಲದಲ್ಲಿ ಹತ್ತನೆಯ ಇನ್ನಿಂಗ್ಸ್‌ವರೆಗೆ ಎಳೆಯಿತು. ಆಗ ಮೊದಲ ವರ್ಷದ ವಿದ್ಯಾರ್ಥಿನಿ ಸಮಂತಾ ಫಿಂಡ್ಲೆ, ಇಬ್ಬರು ಬೇಸ್ (ರನ್ ಓಟದ ಹಾದಿಯ ನಿಲ್ದಾಣ) ಮೇಲಿದ್ದಾಗ, ಚೆಂಡನ್ನು ಬೇಲಿಯಾಚೆಗೆ ಹೊಡೆದರು; ಆ ಇಬ್ಬರದೂ ತಮ್ಮದೂ ಸೇರಿ ಮೂರು ರನ್ ಬಂದವು. 4–1ರ ಆ ಗೆಲುವಿನಿಂದ, ಮಿಸಿಸಿಪ್ಪಿ ನದಿಯ ಪೂರ್ವಕ್ಕಿರುವ ತಂಡವೊಂದು ಮೊತ್ತಮೊದಲ ಬಾರಿಗೆ ಎನ್‌ಸಿಎಎ ಸಾಫ್ಟ್‌ಬಾಲ್ ಪ್ರಶಸ್ತಿ ಪಡೆದಂತಾಯಿತು. ಹಚಿನ್ಸ್ ಗೆದ್ದ ರಾಷ್ಟ್ರೀಯ ಪ್ರಶಸ್ತಿ ಅದೊಂದೇ. ಹೆಚ್ಚು ಪ್ರಶಸ್ತಿ ಗೆದ್ದ ಕೋಚ್‌ಗಳು ಬೇರೆ ಇದ್ದಾರೆ. ಆದರೆ ಚಳಿ ಬಿಡದ ಉತ್ತರದ ರಾಜ್ಯವೊಂದರಲ್ಲಿ ಈ ಆಟ ಬೇರೂರಿದ್ದು, ಅದನ್ನು ಕಲಿಸುವ ಹುದ್ದೆ ಮರ್ಯಾದೆಯ ಪೂರ್ಣಾವಧಿ ವೃತ್ತಿಯಾದದ್ದು ಅವರ ಕಾಲದಲ್ಲಿ. ನಾನು ಅವರಿಗೆ ಹೆಚ್ಚಿನ ಸ್ಥಾನ ಕೊಡುವುದು ಅದಕ್ಕಾಗಿ.

ಪ್ರಶ್ನೆ: ತಂಡದ ಆಟ ವರ್ಷದಲ್ಲಿ ಮೂರ್ನಾಲ್ಕು ತಿಂಗಳು ಮಾತ್ರ. ಉಳಿದ ಕಾಲದಲ್ಲಿ ಮುಖ್ಯ ಕೋಚ್ ಏನು ಮಾಡುತ್ತಾರೆ? ಪಂದ್ಯದ ವೇಳೆ ಅವರ ಪಾತ್ರವೇನು?
– ಕ್ರೀಡಾಸಕ್ತ, ದಾವಣಗೆರೆ

ಉತ್ತರ: ಋತು ಫೆಬ್ರವರಿಯ ಎರಡನೆಯ ವಾರದ ಹೊತ್ತಿಗೆ ಆರಂಭವಾಗಿ ಮೇ ತಿಂಗಳವರೆಗೆ ನಡೆಯುತ್ತದೆ, ಚಾಂಪಿಯನ್‌ಷಿಪ್ ಹಂತಕ್ಕೆ ಮುನ್ನ ಒಂದು ತಂಡ ಗರಿಷ್ಠ 56 ಪಂದ್ಯಗಳನ್ನು ಆಡಬಹುದು. ಮಿಷಿಗನ್‌ನಂಥ ಕಡೆ ಫೆಬ್ರವರಿಯಲ್ಲಿ ಮೈದಾನದ ಮೇಲೆ ಹಿಮ ಕೂತಿರುವುದರಿಂದ, ಮೊದಲ ಕೆಲವು ವಾರಗಳಲ್ಲಿ ತಂಡ ವಾರಾಂತ್ಯ ಬಂತೆಂದರೆ ಫ್ಲೋರಿಡಾ, ಕ್ಯಾಲಿಫೋರ್ನಿಯಾಗಳಂಥ ಬಿಸಿಲಿನ ರಾಜ್ಯಗಳಿಗೆ ಹೊರಡಬೇಕು. ಸೋಮವಾರ ಬೆಳಿಗ್ಗೆ ಅದೇ ಹುಡುಗಿಯರು ತರಗತಿಯಲ್ಲಿರಬೇಕು. ಋತುವಿನಲ್ಲಿ ಕಡ್ಡಾಯ ಅಭ್ಯಾಸ ಮತ್ತು ಪಂದ್ಯಗಳಿಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ಸಮಯ ತೆಗೆದುಕೊಳ್ಳುವಂತಿಲ್ಲ. ಋತುವಿನಾಚೆ ಈ ಮಿತಿ ಇನ್ನೂ ಕಡಿಮೆ. ಆ ಗಂಟೆಗಳ ಲೆಕ್ಕ ಇಡುವುದೂ ಕೋಚ್ ಹೊಣೆ.

ಬೇಸಿಗೆ ಪೂರ್ತಿ ಆಟಗಾರ್ತಿಯರ ಹುಡುಕಾಟದ ಕಾಲ. ಕ್ಲಬ್ ತಂಡಗಳ ಟೂರ್ನಿಗಳಲ್ಲಿ ಕೋಚ್‌ಗಳು ಬೇಲಿಯಾಚೆ ಮಡಚುವ ಕುರ್ಚಿ ಹಾಕಿಕೊಂಡು ಕುಳಿತು ಹೈಸ್ಕೂಲು ಹುಡುಗಿಯರ ಆಟ ನೋಡುತ್ತಾರೆ. ಒಂದು ಕಾಲದಲ್ಲಿ ಏಳೆಂಟನೆಯ ತರಗತಿಯ ಮಕ್ಕಳಿಂದಲೇ ಬಾಯಿಮಾತಿನ ಒಪ್ಪಿಗೆ ಪಡೆಯುವ ಪರಿಪಾಠ ಬೆಳೆದಿತ್ತು. ಅದಕ್ಕೆ ಕಡಿವಾಣ ಹಾಕಲು 2018ರಲ್ಲಿ ಎನ್‌ಸಿಎಎ, ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ಕ್ಕೆ ಮುನ್ನ ಕೋಚ್ ಆ ಮಕ್ಕಳ ಜೊತೆ ನೇಮಕದ ಮಾತುಕತೆ ನಡೆಸಬಾರದೆಂಬ ನಿಯಮ ತಂದಿತು. ಇದು ತಡವಾಗಿಯಾದರೂ ಬಂದ ಒಳ್ಳೆಯ ನಿಯಮ.

ಇನ್ನು ಪಂದ್ಯದ ವೇಳೆಯ ಪಾತ್ರ. ತನ್ನ ತಂಡ ಬ್ಯಾಟಿಂಗ್ ಮಾಡುವಾಗ ಮುಖ್ಯ ಕೋಚ್ ಸಾಮಾನ್ಯವಾಗಿ ಮೂರನೆಯ ಬೇಸ್ ಪಕ್ಕದ ಗುರುತು ಹಾಕಿದ ಜಾಗದಲ್ಲಿ ನಿಲ್ಲುತ್ತಾರೆ. ಟೋಪಿ, ಭುಜ, ಬೆಲ್ಟುಗಳನ್ನು ಮುಟ್ಟಿ ಕೊಡುವ ಸನ್ನೆಗಳಲ್ಲಿ ಬಹುಪಾಲು ಎದುರಾಳಿಯನ್ನು ಗೊಂದಲಕ್ಕೆ ಕೆಡವಲು; ಒಂದಕ್ಕೆ ಮಾತ್ರ ಅರ್ಥವಿರುತ್ತದೆ. ಪಿಚರ್, ಅಂದರೆ ಚೆಂಡೆಸೆಯುವವಳು, 43 ಅಡಿ ದೂರದಿಂದ, ತೋಳನ್ನು ಪೂರ್ತಿ ಒಂದು ಸುತ್ತು ಸುತ್ತಿಸಿ, ಸೊಂಟದ ಕೆಳಗಿನಿಂದ ಬಿಡುವ ಚೆಂಡು ಅರ್ಧ ಸೆಕೆಂಡಿಗೂ ಮುಂಚೆ ಬ್ಯಾಟಿನ ಬಳಿ ಇರುತ್ತದೆ. ಹೀಗಾಗಿ ಯೋಚನೆಯೆಲ್ಲ ಚೆಂಡು ಕೈಬಿಡುವ ಮೊದಲೇ ಮುಗಿದಿರಬೇಕು. ಒಂದು ಉದಾಹರಣೆ ಕೊಡುತ್ತೇನೆ. ಎಡಗೈ ಬ್ಯಾಟಿಂಗ್‌ನ ವೇಗದ ಓಟಗಾರ್ತಿಯರು, ನಿಂತಲ್ಲಿಂದಲೇ ಮೊದಲ ಬೇಸ್ ಕಡೆಗೆ ಹೆಜ್ಜೆ ಹಾಕುತ್ತ ಚೆಂಡನ್ನು ತಟ್ಟಿ ಓಡುವುದುಂಟು. ಇದಕ್ಕೆ ಸ್ಲ್ಯಾಪ್ ಎನ್ನುತ್ತಾರೆ. ಮೂರನೆಯ ಬೇಸ್ ಕಾಯುವವಳು ಎರಡು ಹೆಜ್ಜೆ ಮುಂದೆ ಬಂದಿದ್ದರೆ ಚೆಂಡನ್ನು ಅವಳ ಪಕ್ಕದಿಂದ ಬಿರುಸಾಗಿ ತಳ್ಳಬೇಕು. ಹಿಂದೆ ನಿಂತಿದ್ದರೆ ಮೆತ್ತಗೆ ಮುಂದೆ ಉರುಳಿಸಬೇಕು. ಆ ಎರಡು ಹೆಜ್ಜೆಯನ್ನು ಗಮನಿಸಿ ಸನ್ನೆ ಮಾಡುವುದು ಕೋಚ್ ಕೆಲಸ. ದೂರದ ಗ್ಯಾಲರಿಯಲ್ಲಿ ಕುಳಿತ ನಮಗೆ ಅದೃಷ್ಟದಂತೆ ಕಾಣುವ ಎಷ್ಟೋ ರನ್‌ಗಳು ಹೀಗೆ ಬಂದವು.

ಪ್ರಶ್ನೆ: ಇದು ಮಹಿಳೆಯರ ಆಟ ಎಂದ ಮೇಲೆ ಕೋಚ್‌ಗಳೂ ಮಹಿಳೆಯರೇ ಇರಬೇಕಲ್ಲವೇ?
– ಓದುಗ, ಪುತ್ತೂರು

ಉತ್ತರ: ಹಾಗೇನಿಲ್ಲ. ಅರಿಜೋನಾ ವಿಶ್ವವಿದ್ಯಾಲಯವನ್ನು 1986ರಿಂದ 2021ರವರೆಗೆ ನಡೆಸಿ ಎಂಟು ರಾಷ್ಟ್ರೀಯ ಪ್ರಶಸ್ತಿ ಗೆದ್ದ ಮೈಕ್ ಕ್ಯಾಂಡ್ರಿಯಾ ಈ ಕ್ಷೇತ್ರದ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬರು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ತಂಡಕ್ಕೂ ಅವರೇ ಕೋಚ್. ಕ್ರೀಡಾಕೂಟಕ್ಕೆ ಮುಂಚಿನ ಪ್ರವಾಸದಲ್ಲಿ ಜೊತೆಗಿದ್ದ ಪತ್ನಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡ ಕೆಲವೇ ವಾರಗಳಲ್ಲಿ ಅವರು ತಂಡದ ಜೊತೆ ಅಥೆನ್ಸಿಗೆ ಹೋದರು. ಆ ತಂಡ ಇಡೀ ಕೂಟದಲ್ಲಿ 51 ರನ್ ಗಳಿಸಿ, ಒಂದೇ ಒಂದು ರನ್ ಬಿಟ್ಟುಕೊಟ್ಟು ಚಿನ್ನ ಗೆದ್ದಿತು.

ತಮ್ಮ ಪ್ರಶ್ನೆಯ ಹಿಂದೆ ಇನ್ನೊಂದು ಸಂಗತಿಯಿದೆ. 1972ರಲ್ಲಿ ಅಮೆರಿಕದ ಕಾಲೇಜುಗಳ ಮಹಿಳಾ ತಂಡಗಳಲ್ಲಿ ಶೇಕಡಾ 90ಕ್ಕೂ ಹೆಚ್ಚಿನವಕ್ಕೆ ಮಹಿಳೆಯರೇ ಕೋಚ್ ಆಗಿದ್ದರು. ಕಾಯಿದೆಯ ಬಲದಿಂದ ಈ ಹುದ್ದೆಗಳಿಗೆ ಸಂಬಳ, ಸವಲತ್ತು ಬಂದ ಮೇಲೆ ಪುರುಷರೂ ಅರ್ಜಿ ಹಾಕತೊಡಗಿ, ಮಹಿಳೆಯರ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು. ಪುರುಷರ ತಂಡಗಳಿಗೆ ಮಹಿಳೆಯರನ್ನು ಕೋಚ್ ಆಗಿ ನೇಮಿಸುವ ಉದಾರತೆ ಮಾತ್ರ ಯಾರಿಗೂ ಹೆಚ್ಚಾಗಿ ಬಂದಂತಿಲ್ಲ. ಬೇರೆ ಹಲವು ಆಟಗಳಿಗೆ ಹೋಲಿಸಿದರೆ ಸಾಫ್ಟ್‌ಬಾಲ್‌ನಲ್ಲಿ ಮಹಿಳಾ ಕೋಚ್‌ಗಳ ಸ್ಥಿತಿ ಉತ್ತಮವಾಗಿದೆ. ಹಚಿನ್ಸ್ ಅವರ ನಂತರ ಮಿಷಿಗನ್ ತಂಡದ ಹೊಣೆ ಹೊತ್ತವರು, ಅವರ ಶಿಷ್ಯೆಯಾಗಿ ಆಡಿ, ದಶಕಗಳ ಕಾಲ ಅವರಿಗೇ ಸಹಾಯಕರಾಗಿದ್ದ ಬಾನಿ ಥೋಲ್.

ಪ್ರಶ್ನೆ: ಈ ಕೆಲಸದಲ್ಲಿ ಸಂಪಾದನೆ ಹೇಗೆ?
– ಹೆಸರು ಬೇಡ, ಬೆಂಗಳೂರು

ಉತ್ತರ: ತುದಿಗೂ ಬುಡಕ್ಕೂ ಅಜಗಜಾಂತರ. ಒಕ್ಲಹೋಮ ವಿಶ್ವವಿದ್ಯಾಲಯದ ಪ್ಯಾಟಿ ಗ್ಯಾಸೊ ವರ್ಷಕ್ಕೆ ಹತ್ತು ಲಕ್ಷ ಡಾಲರಿಗೂ ಹೆಚ್ಚು ಪಡೆಯುತ್ತಾರೆ. ಆದರೆ 1995ರಲ್ಲಿ ಅವರು ಅಲ್ಲಿಗೆ ಬಂದಾಗ ತಂಡಕ್ಕೆ ಸ್ವಂತದ ಮೈದಾನವಿರಲಿಲ್ಲ. ಊರಿನ ಸಾರ್ವಜನಿಕ ಉದ್ಯಾನದಲ್ಲಿ ಆಡುತ್ತಿದ್ದರು. 2000ದಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿ, 2021ರಿಂದ 2024ರವರೆಗೆ ಬೇರೆ ಯಾರೂ ಮಾಡಿರದಂತೆ ಸತತ ನಾಲ್ಕು, ಒಟ್ಟು ಎಂಟು ಪ್ರಶಸ್ತಿಗಳು ಬಂದ ಮೇಲಿನ ಸಂಬಳ ಅದು. ಸಣ್ಣ ಕಾಲೇಜುಗಳ ಕೋಚ್‌ಗಳು ಇಂದಿಗೂ ಬೇರೆ ತರಗತಿ ತೆಗೆದುಕೊಂಡೋ, ಬೇಸಿಗೆ ಶಿಬಿರ ನಡೆಸಿಯೋ ಸಂಸಾರ ತೂಗಿಸುತ್ತಾರೆ. ಪ್ರಥಮ ವಿಭಾಗದಲ್ಲಿಯೇ ಸಂಬಳವಿಲ್ಲದ ಸ್ವಯಂಸೇವಕ ಸಹಾಯಕ ಕೋಚ್ ಎಂಬ ಹುದ್ದೆಯೊಂದು 2023ರವರೆಗೂ ಇತ್ತು.

ಹಣದ ವಿಷಯದಲ್ಲಿ ಕೋಚ್‌ಗಳಿಗೆ ನಿಜವಾದ ತಲೆನೋವು ಆಟಗಾರ್ತಿಯರ ವಿದ್ಯಾರ್ಥಿವೇತನ ಹಂಚುವುದಾಗಿತ್ತು. ಬಹುಕಾಲ ಒಂದು ತಂಡಕ್ಕೆ 12 ಪೂರ್ಣ ವಿದ್ಯಾರ್ಥಿವೇತನಗಳ ಮಿತಿಯಿತ್ತು. ಅದನ್ನು ಇಪ್ಪತ್ತು ಜನರಿಗೆ ಕಾಲು, ಅರ್ಧ, ಮುಕ್ಕಾಲು ಎಂದು ಪಾಲು ಮಾಡಿ ಯಾರಿಗೂ ಬೇಸರವಾಗದಂತೆ ನೋಡಿಕೊಳ್ಳಬೇಕಿತ್ತು. ನ್ಯಾಯಾಲಯದ ರಾಜಿ ಒಪ್ಪಂದದಿಂದ ಬಂದ 2025ರ ಹೊಸ ವ್ಯವಸ್ಥೆಯನ್ನು ಒಪ್ಪಿಕೊಂಡ ಸಂಸ್ಥೆಗಳಲ್ಲಿ ಆ ಮಿತಿ ಹೋಗಿ, ತಂಡದಲ್ಲಿ ಗರಿಷ್ಠ 25 ಆಟಗಾರ್ತಿಯರು ಎಂಬ ಮಿತಿ ಬಂದಿದೆ. 2021ರಿಂದ ಆಟಗಾರ್ತಿಯರು ತಮ್ಮ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಬಳಸಿ ಹಣ ಪಡೆಯಬಹುದು. ವರ್ಗಾವಣೆಯ ನಿಯಮಗಳೂ ಸಡಿಲವಾಗಿವೆ. ನಾಲ್ಕು ವರ್ಷ ತಿದ್ದಿ ತೀಡಬಹುದೆಂದು ಆರಿಸಿಕೊಂಡ ಹುಡುಗಿ ಒಂದೇ ವರ್ಷಕ್ಕೆ ಬೇರೆ ತಂಡ ಸೇರಬಹುದಾದ ಈ ದಿನಗಳಲ್ಲಿ, ಒಂದೇ ಸಂಸ್ಥೆಯಲ್ಲಿ 38 ಋತು ಕಳೆಯುವ ಕೋಚ್ ಇನ್ನು ಮುಂದೆ ಸಿಗುವುದು ಕಷ್ಟವೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ನಾನು ಬಿ.ಪಿ.ಎಡ್. ಓದುತ್ತಿದ್ದೇನೆ, ವಿಶ್ವವಿದ್ಯಾಲಯದ ಸಾಫ್ಟ್‌ಬಾಲ್ ತಂಡದಲ್ಲಿ ಆಡಿದ್ದೇನೆ. ನಮ್ಮಲ್ಲಿ ಸಾಫ್ಟ್‌ಬಾಲ್ ಕೋಚ್ ಆಗಿಯೇ ಬದುಕು ಕಟ್ಟಿಕೊಳ್ಳಲು ಸಾಧ್ಯವೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸಾಫ್ಟ್‌ಬಾಲ್ ಒಂದನ್ನೇ ನೆಚ್ಚಿಕೊಂಡರೆ ಕಷ್ಟ. ನಮ್ಮ ಕಾಲೇಜುಗಳಲ್ಲಿ ಒಂದೊಂದು ಆಟಕ್ಕೆ ಒಬ್ಬೊಬ್ಬ ಕೋಚ್ ಇರುವ ಪದ್ಧತಿಯಿಲ್ಲ. ಕಬಡ್ಡಿಯಿಂದ ಹಿಡಿದು ಅಥ್ಲೆಟಿಕ್ಸ್‌ವರೆಗೆ ಎಲ್ಲವನ್ನೂ ದೈಹಿಕ ಶಿಕ್ಷಣ ನಿರ್ದೇಶಕರೊಬ್ಬರೇ ನಿಭಾಯಿಸುತ್ತಾರೆ. ಆ ಹುದ್ದೆಗೆ ಯುಜಿಸಿ ನಿಯಮದಂತೆ ದೈಹಿಕ ಶಿಕ್ಷಣದಲ್ಲಿ ಶೇಕಡಾ 55 ಅಂಕಗಳೊಂದಿಗೆ ಸ್ನಾತಕೋತ್ತರ ಪದವಿ, ಸಾಮಾನ್ಯವಾಗಿ ನೆಟ್ ಅಥವಾ ಕೆ–ಸೆಟ್ ಅರ್ಹತೆ ಬೇಕು. ಅಂತರ ವಿಶ್ವವಿದ್ಯಾಲಯ ಅಥವಾ ಅಂತರ ಕಾಲೇಜು ಮಟ್ಟದಲ್ಲಿ ಆಡಿದ ದಾಖಲೆಯನ್ನೂ ಕೇಳುತ್ತಾರೆ, ಓಟದ ದೈಹಿಕ ಸಾಮರ್ಥ್ಯ ಪರೀಕ್ಷೆಯೂ ಇರುತ್ತದೆ. ನೀವು ಆಡಿದ ಪಂದ್ಯಗಳ ಪ್ರಮಾಣಪತ್ರಗಳು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತವೆ, ಮೂಲಪ್ರತಿಗಳನ್ನು ಜೋಪಾನವಾಗಿಡಿ. ಎಂ.ಪಿ.ಎಡ್. ಮುಗಿಸಿ ನಿರ್ದೇಶಕಿಯಾದಿರೆಂದರೆ, ಕಾಲೇಜಿನಲ್ಲಿ ಸಾಫ್ಟ್‌ಬಾಲ್ ತಂಡ ಕಟ್ಟುವ ಸ್ವಾತಂತ್ರ್ಯ ನಿಮ್ಮದೇ.

ಅಮೆರಿಕಕ್ಕೆ ಹೋಗುವ ಮನಸ್ಸಿದ್ದರೆ, ಹಚಿನ್ಸ್ ಅವರು ಹಿಡಿದ ದಾರಿ ಈಗಲೂ ತೆರೆದಿದೆ. ಸ್ನಾತಕೋತ್ತರ ವ್ಯಾಸಂಗಕ್ಕೆ ಸೇರಿ, ಅದರ ಜೊತೆಗೆ ತಂಡದ ಸಹಾಯಕ ಕೋಚ್ ಕೆಲಸ ಮಾಡಿದರೆ, ಶುಲ್ಕದಲ್ಲಿ ಪೂರ್ತಿ ಅಥವಾ ಒಂದು ಭಾಗದ ವಿನಾಯಿತಿ ಕೊಡುವ ಸಂಸ್ಥೆಗಳಿವೆ. ದೊಡ್ಡ ಹೆಸರುಗಳ ಬೆನ್ನು ಹತ್ತದೆ, ಎರಡನೆಯ ಮತ್ತು ಮೂರನೆಯ ವಿಭಾಗದ ಸಣ್ಣ ಕಾಲೇಜುಗಳಿಗೆ ಅರ್ಜಿ ಹಾಕಿ. ಅವರು ಮೊದಲು ಕೇಳುವುದು ನೀವು ಪಿಚಿಂಗ್ ಅಥವಾ ಕ್ಯಾಚಿಂಗ್ ಕಲಿಸಬಲ್ಲಿರಾ ಎಂದು. ನೀವು ಯಾವ ಸ್ಥಾನದಲ್ಲಿ ಆಡಿದವರೆಂಬುದನ್ನು ಪತ್ರದಲ್ಲಿ ತಿಳಿಸಿಲ್ಲ. ಔಟ್‌ಫೀಲ್ಡ್ ಆಗಿದ್ದರೆ ಈ ವರ್ಷವೇ ಪಿಚರ್‌ಗಳ ಜೊತೆ ಅಭ್ಯಾಸಕ್ಕೆ ನಿಲ್ಲಲು ಆರಂಭಿಸಿ.